ಚಪ್ಪರಿಸೋದು ಬೈಗುಳವಾ, ಹೊಗಳಿಕೆಯಾ?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ತೀರ್ಥಹಳ್ಳಿ ಹತ್ತಿರದ ಹಳ್ಳಿಯವರು. ಅಮ್ಮ ತೀರಿಕೊಂಡ ಮೇಲೆ ಬೆಂಗಳೂರಲ್ಲಿ ನಮ್ಮ ಜೊತೆ ಇದ್ದಾರೆ. ಸಾರನ್ನ ಉಣ್ಣುವಾಗ, ಕಾಫಿ ಕುಡಿಯುವಾಗ ಜೋರಾಗಿ ಸದ್ದು ಬರುತ್ತದೆ. ಒಂದು ದಿನ ನನ್ನ 9 ವರ್ಷದ ಮಗಳು, "ಅಜ್ಜ ಹೀಗೆ ಮಾಡೋದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದಳು. ನಾನು "ಚಪ್ಪರಿಸೋದು" ಎಂದೆ. ಅವತ್ತಿನಿಂದ ಅವಳು ಊಟಕ್ಕೆ ಕೂತಾಗಲೆಲ್ಲ "ಅಜ್ಜ, ಚಪ್ಪರಿಸಬೇಡಿ" ಎನ್ನಲು ಶುರು ಮಾಡಿದಳು. ಅಪ್ಪ ಏನೂ ಹೇಳಲಿಲ್ಲ. ಆದರೆ ಈಗ ಎಲ್ಲರ ಊಟ ಮುಗಿದ ಮೇಲೆ ಒಬ್ಬರೇ ಕೂತು ಉಣ್ಣುತ್ತಾರೆ. ನಮ್ಮ ಯಜಮಾನರು ಧಾರವಾಡದವರು. "ಚಪ್ಪರಿಸೋದು ಅಂದ್ರ ಛಲೋ ಮಾತು, ಬೈಗುಳ ಅಲ್ಲ" ಅನ್ನುತ್ತಾರೆ. ಇದರ ನಡುವೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬಂತು. ಮದುವೆ ಚಪ್ಪರದಲ್ಲಿ ಹೊಟ್ಟೆತುಂಬ ಉಂಡವರಿಂದ "ಚಪ್ಪರಿಸು" ಎಂಬ ಪದ ಹುಟ್ಟಿತಂತೆ. ಇಂಗ್ಲಿಷಿನ "ಸ್ಲರ್ಪ್" ಕೂಡ ನಮ್ಮ "ಸುರ್"ನಿಂದಲೇ ಹೋಯಿತಂತೆ. ನಿಜವಾ? ಈ ಪದದ ಅರ್ಥ ಏನು, ಎಲ್ಲಿಂದ ಬಂತು? ನಾನು ಮಗಳಿಗೆ ತಪ್ಪು ಪದ ಹೇಳಿಕೊಟ್ಟೆನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಒಂದು ಪದದ ಬಗ್ಗೆ. ಆದರೆ ನಿಮ್ಮನ್ನು ಕಾಡುತ್ತಿರುವುದು ಆ ಪದ ಕೇಳಿದ ಮೇಲೆ ಅಪ್ಪ ಪಂಕ್ತಿಯಿಂದ ಎದ್ದು ಹೋದದ್ದು. ಪದದ ವಿಷಯ ಮೊದಲು ಹೇಳುತ್ತೇನೆ. ಅದು ಬಿಡಿಸಿಕೊಂಡರೆ ಎರಡನೆಯದಕ್ಕೂ ಸ್ವಲ್ಪ ದಾರಿ ಸಿಗುತ್ತದೆ.

ಹೌದು, ನೀವು ಹೇಳಿಕೊಟ್ಟ ಪದ ಸರಿಯಾಗಿ ಕೂರುವುದಿಲ್ಲ. ನಿಮ್ಮ ತಂದೆ ಮಾಡುತ್ತಿರುವುದು ಚಪ್ಪರಿಸುವುದಲ್ಲ. ಸಾರು, ಕಾಫಿಯನ್ನು ಗಾಳಿಯ ಜೊತೆ ಒಳಕ್ಕೆ ಎಳೆದುಕೊಳ್ಳುವುದಕ್ಕೆ ಕನ್ನಡದಲ್ಲಿ "ಸೊರ್ರನೆ ಹೀರುವುದು", "ಸುರ್ ಅಂತ ಎಳೆಯುವುದು" ಎನ್ನುತ್ತೇವೆ. ಚಪ್ಪರಿಸುವುದು ಬೇರೆ. ಬಾಯಲ್ಲಿ ಈಗಾಗಲೇ ಇರುವುದರ ರುಚಿಗೆ ನಾಲಿಗೆ, ತುಟಿ ಮಾಡುವ ಸದ್ದು ಅದು. ಹೀರುವುದು ತುತ್ತು ಬಾಯಿಗೆ ಹೋಗುವಾಗ ಬರುವ ಸದ್ದು, ಚಪ್ಪರಿಸುವುದು ಹೋದ ಮೇಲೆ ಬರುವ ಸದ್ದು. ನಿಮ್ಮ ಯಜಮಾನರು ಹೇಳಿದ್ದರಲ್ಲೂ ನಿಜ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಸಣ್ಣ ಪ್ರಯೋಗ ಮಾಡಿ. ಮಗಳನ್ನೂ ಕೂರಿಸಿಕೊಳ್ಳಿ. ಡಬ್ಬಿಯಿಂದ ಗೋಲಿಯಷ್ಟು ಹುಣಸೆಹಣ್ಣು ತೆಗೆದು ನಾಲಿಗೆ ಮೇಲೆ ಇಟ್ಟುಕೊಳ್ಳಿ. ಹುಳಿ ತಗುಲಿದ ತಕ್ಷಣ ಏನಾಗುತ್ತದೆ ಗಮನಿಸಿ. ನಾಲಿಗೆ ಮೇಲೆದ್ದು ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಡುತ್ತದೆ. ಆ ಜಾಗ ಯಾವುದು? ನಾವು "ಚ" ಎನ್ನುವಾಗ ನಾಲಿಗೆ ತಾಗುವ ಜಾಗ. ಅದರ ಹಿಂದೆಯೇ ಮುಚ್ಚಿದ ತುಟಿ ಬಿಚ್ಚಿಕೊಳ್ಳುತ್ತದೆ. ಅದು "ಪ" ಎನ್ನುವ ಜಾಗ. ಶಾಲೆಯಲ್ಲಿ ತಾಲವ್ಯ, ಓಷ್ಠ್ಯ ಎಂದು ಬಾಯಿಪಾಠ ಮಾಡಿದ್ದೇವಲ್ಲ, ಅವೇ ಎರಡು ಜಾಗಗಳು. ಚ್, ಪ್. "ಚಪ್" ಎಂಬ ಸದ್ದನ್ನು ಯಾರೂ ಕೂತು ಕಟ್ಟಿದ್ದಲ್ಲ. ಹುಳಿ ತಿಂದ ಬಾಯಿ ತಾನೇ ಆಡುವ ಮಾತು ಅದು. ಈಗ ಬಿಸಿ ಕಾಫಿ ತಗೊಂಡು ಸುರ್ ಅಂತ ಎಳೆದು ನೋಡಿ. ಗಾಳಿ ಹಲ್ಲಿನ ಸಂದಿಯಲ್ಲಿ ನುಗ್ಗುವಾಗ "ಸ", ಅದರ ಜೊತೆ ದ್ರವ ನಡುಗುವಾಗ "ರ". ಅಲ್ಲಿ ಚಪ್ ಇಲ್ಲವೇ ಇಲ್ಲ. ಎರಡು ಸದ್ದು ಎರಡು ಕಡೆ ಹುಟ್ಟುತ್ತವೆ. ಅದಕ್ಕೇ ಕನ್ನಡ ಎರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿದೆ.

ಇಂಥ ಪದಗಳನ್ನು ವ್ಯಾಕರಣದಲ್ಲಿ ಅನುಕರಣಾವ್ಯಯ ಎನ್ನುತ್ತಾರೆ. ಚಟಚಟ, ಧಗಧಗ, ಸರಸರ, ದಬದಬ. ಕಿವಿಗೆ ಕೇಳಿದ್ದನ್ನು ಹಾಗೇ ಬಾಯಲ್ಲಿ ಹೇಳುವುದು. ಇವಕ್ಕೆ "ಇಸು" ಸೇರಿಸಿದರೆ ಕ್ರಿಯಾಪದ ಸಿದ್ಧ: ಧಗಧಗಿಸು, ಥಳಥಳಿಸು. "ಚಪ್ಪರಿಸು" ಹುಟ್ಟಿದ್ದು ಇದೇ ಹಾದಿಯಲ್ಲಿ. ನಡುವಿನ "ರ" ಎಲ್ಲಿಂದ ಬಂತು ಎಂದು ಅನಿಸಬಹುದು. ಅದಕ್ಕೆ ಒಂದು ಒಳ್ಳೆ ಜೋಡಿ ಇದೆ. ಗುಟುಕು ಎಂಬುದು ಗಂಟಲಿನ ಸದ್ದು. ಅದರಿಂದ ಬಂದದ್ದು "ಗುಟುಕರಿಸು". ಕಾಫಿ ಗುಟುಕರಿಸುತ್ತ ಪೇಪರ್ ಓದಿದರು ಎನ್ನುತ್ತೇವೆ. ಮುಗ್ಗು ಮುಗ್ಗರಿಸು ಆದದ್ದೂ ಹೀಗೇ. ಗುಟುಕಿನಿಂದ ಗುಟುಕರಿಸು ಬಂದ ಹಾಗೆ ಚಪ್‌ನಿಂದ ಚಪ್ಪರಿಸು ಬಂತು.

ಈಗ ಮದುವೆ ಚಪ್ಪರದ ಕಥೆ. ಕೇಳಲು ಚೆಂದ ಇದೆ, ಆದರೆ ನಿಜವಲ್ಲ. ಚಪ್ಪರ ಎಂದರೆ ಮೇಲೆ ಸೋಗೆ, ಎಲೆ ಹೊದಿಸಿದ ನೆರಳು. ಹಿಂದಿಯಲ್ಲಿ, ಮರಾಠಿಯಲ್ಲಿ ಛಪ್ಪರ ಎಂದರೆ ಹುಲ್ಲಿನ ಮಾಡು. ತೆಲುಗಿನಲ್ಲಿ ಚಪ್ಪರಮು ಎನ್ನುತ್ತಾರೆ. ಹಾಗಲ ಬಳ್ಳಿ ಹಬ್ಬಿಸುವುದೂ ಚಪ್ಪರದ ಮೇಲೆ, ಚಪ್ಪರದವರೆ ಬೆಳೆಯುವುದೂ ಚಪ್ಪರದ ಮೇಲೆ. ಊಟಕ್ಕೂ ಅದಕ್ಕೂ ಇರುವ ನಂಟು ಮದುವೆ ದಿನದ್ದು ಮಾತ್ರ. ಇನ್ನೂ ಒಂದು ವಿಷಯ ನೋಡಿ. ಹೆಸರಿಗೆ "ಇಸು" ಹತ್ತಿದರೆ ಅದನ್ನು ಮಾಡು ಅಥವಾ ಹಾಗಾಗಿಸು ಎಂಬ ಅರ್ಥ ಬರುತ್ತದೆ. ಕನ್ನಡಿಸು ಎಂದರೆ ಕನ್ನಡಕ್ಕೆ ತರು. ಆ ಲೆಕ್ಕದಲ್ಲಿ ಚಪ್ಪರದಿಂದ ಚಪ್ಪರಿಸು ಬಂದಿದ್ದರೆ, ಅದರ ಅರ್ಥ ಚಪ್ಪರ ಹಾಕು ಎಂದಾಗಬೇಕಿತ್ತು. ನಾಳೆ ಮದುವೆ, ಅಂಗಳ ಚಪ್ಪರಿಸಿ ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಇದಕ್ಕಿಂತ ಗಟ್ಟಿ ಸಾಕ್ಷಿ ನಮ್ಮ ದಿನದ ಮಾತಲ್ಲೇ ಇದೆ. ಮಗು ಒಳ್ಳೆ ಅಂಕ ತಂದರೆ ಮೇಷ್ಟ್ರು ಏನು ಮಾಡುತ್ತಾರೆ? ಬೆನ್ನು ಚಪ್ಪರಿಸುತ್ತಾರೆ. ಅದೇ ಪದ! ಅಲ್ಲಿ ಬಾಯಿಲ್ಲ, ರುಚಿಯಿಲ್ಲ, ಮದುವೆ ಊಟವಂತೂ ಇಲ್ಲ. ಅಂಗೈ ಬೆನ್ನಿಗೆ ತಾಗಿ ಏಳುವ ಚಪ್ ಎಂಬ ಸದ್ದೊಂದೇ ಇರುವುದು. ಬಾಯಿ ಚಪ್ಪರಿಸುವುದಕ್ಕೂ ಬೆನ್ನು ಚಪ್ಪರಿಸುವುದಕ್ಕೂ ಸಮಾನವಾದದ್ದು ಆ ಸದ್ದು ಮಾತ್ರ. ಎರಡು ಮೆತ್ತನೆಯ ಮೈಗಳು ಕೂಡಿ ಬಿಡುವಾಗ ಬರುವ ಸದ್ದು. ತುಟಿಗೆ ತುಟಿ, ಅಂಗೈಗೆ ಬೆನ್ನು, ಅಂಗೈಗೆ ಅಂಗೈ. ಕಡೆಯದಕ್ಕೆ ಚಪ್ಪಾಳೆ ಎನ್ನುತ್ತೇವೆ. ಧಾರವಾಡದ ಕಡೆ ದಿನಕ್ಕೆ ಹತ್ತು ಸಲ ಬರುವ "ಸಪ್ಪಳ" ಕೂಡ ಈ ಗುಂಪಿಗೇ ಸೇರಿದ್ದು. ತೆಲುಗಿನವರು ಸದ್ದಿಗೆ "ಚಪ್ಪುಡು" ಎನ್ನುವುದನ್ನು ಪಕ್ಕದಲ್ಲಿ ಇಟ್ಟರೆ ಗೊತ್ತಾಗುತ್ತದೆ. ಚ ಮತ್ತು ಸ ನಮ್ಮ ನುಡಿಗಳಲ್ಲಿ ಸುಲಭವಾಗಿ ಜಾಗ ಬದಲಿಸುತ್ತವೆ. ಉಪ್ಪಿಲ್ಲದ ಅಡುಗೆಗೆ ಕೆಲವರು ಚಪ್ಪೆ, ಕೆಲವರು ಸಪ್ಪೆ ಎನ್ನುವುದಿಲ್ಲವಾ? ಆದರೆ ಆ ಸಪ್ಪೆಯನ್ನು ಚಪ್ಪರಿಸುವುದರ ಜೊತೆ ಕಟ್ಟಬೇಡಿ. ಅಕ್ಷರ ಹೋಲುತ್ತದೆ, ಅರ್ಥ ಎದುರುಬದುರು. ಸಪ್ಪೆ ಇದ್ದದ್ದನ್ನು ಯಾರೂ ಚಪ್ಪರಿಸುವುದಿಲ್ಲ.

ಸುಮಾರು ಮೂವತ್ತು ವರ್ಷ ಪದಗಳ ಕೆಲಸ ಮಾಡಿದವನಾಗಿ ಒಂದು ಮಾತು ಹೇಳಬೇಕು. "ಈ ಪದ ಎಲ್ಲಿಂದ ಬಂತು" ಎಂದು ಕೇಳಿದಾಗ ಜನಕ್ಕೆ ಒಂದು ಕಥೆ ಬೇಕಾಗಿರುತ್ತದೆ. ಒಬ್ಬ ರಾಜ, ಒಂದು ಮದುವೆ, ಒಂದು ಊರು. ಸದ್ದಿನ ಪದಗಳಿಗೆ ಅಂಥ ಕಥೆ ಇರುವುದಿಲ್ಲ. ಅವು ದಿನಾ ಹೊಸದಾಗಿ ಹುಟ್ಟುತ್ತವೆ. ಇದಕ್ಕೆ ನನಗೆ ತುಂಬ ಇಷ್ಟವಾದ ಒಂದು ಪುರಾವೆ ಇದೆ. ಹಳಗನ್ನಡದ ಮೊದಲಕ್ಷರದ "ಪ" ನಡುಗನ್ನಡಕ್ಕೆ ಬರುವಷ್ಟರಲ್ಲಿ "ಹ" ಆಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೀರ್ ಎಂಬುದು ನಾವೀಗ ಹೇಳುವ ಹೀರು ಆಯಿತು. ಆದರೆ ಪಟಪಟ ಮಾತಾಡುವುದು ಹಟಹಟ ಆಗಲಿಲ್ಲ. ಪಿಸುಗುಟ್ಟುವುದು ಹಿಸುಗುಟ್ಟುವುದಾಗಲಿಲ್ಲ. ಯಾಕೆ? ಮಳೆಹನಿ ಪ್ರತಿ ಸಲ ಬಿದ್ದಾಗಲೂ ಪಟಪಟ ಎಂದೇ ಕೇಳುತ್ತದೆ. ಕಿವಿ ಅದನ್ನು ತಿದ್ದುತ್ತಲೇ ಇರುತ್ತದೆ. ಪದ ದಾರಿ ತಪ್ಪಲು ಬಿಡುವುದಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಚಪ್ಪರಿಸು ಇದೆ. ಅದಕ್ಕೂ ಮೊದಲಿನ ಬಾಯಿಗಳಲ್ಲಿ ಹುಣಸೆಹಣ್ಣು ಇದ್ದೇ ಇತ್ತು.

ಇನ್ನು "ಸ್ಲರ್ಪ್" ನಮ್ಮಿಂದ ಹೋಯಿತು ಎಂಬುದು. ಇದೂ ಸುಳ್ಳು. ಇಂಗ್ಲಿಷಿಗೆ ಆ ಪದ ಹೋಗಿದ್ದು 17ನೇ ಶತಮಾನದಲ್ಲಿ, ಡಚ್ ಭಾಷೆಯ "ಸ್ಲುರ್ಪೆನ್"ನಿಂದ. ಜರ್ಮನರು "ಶ್ಲ್ಯುರ್ಫೆನ್" ಎನ್ನುತ್ತಾರೆ. ಜಪಾನಿನಲ್ಲಿ ನೂಡಲ್ಸ್ ಎಳೆಯುವ ಸದ್ದಿಗೆ "ಝುರುಝುರು". ಎಲ್ಲದರಲ್ಲೂ ಆ ಸಕಾರ, ರಕಾರಗಳ ಹೋಲಿಕೆ ಕಾಣುತ್ತದೆ. ಯಾರೂ ಯಾರಿಂದಲೂ ಕದ್ದಿಲ್ಲ. ಎಲ್ಲರಿಗೂ ಇರುವುದು ಒಂದೇ ಥರದ ಬಾಯಿ, ಒಂದೇ ಥರದ ಬಿಸಿ.

ಹಾಗಾದರೆ ತೆಲುಗಿನ ಜೊತೆ ನಂಟು ಇದೆ ಎಂದು ನಾನು ಹೇಗೆ ಹೇಳುತ್ತೇನೆ? ನ್ಯಾಯವಾದ ಪ್ರಶ್ನೆ. ಬರೀ "ಚಪ್" ಎಂಬುದನ್ನು ಹಿಡಿದು ಹೇಳಿದರೆ ನನ್ನದೂ ವಾಟ್ಸಾಪ್ ಸಂದೇಶವೇ ಆಗುತ್ತದೆ. ಸದ್ದು ಯಾರಿಗೆ ಬೇಕಾದರೂ ಹೊಳೆಯಬಹುದು. ಆದರೆ ಸದ್ದಿನ ಹಿಂದೆ ಹತ್ತಿದ ಬಾಲ ಹಾಗಲ್ಲ. ನಮ್ಮಲ್ಲಿ ಚಪ್ಪರಿಸು, ತೆಲುಗಿನಲ್ಲಿ ಚಪ್ಪರಿಂಚು. ನಮ್ಮ "ಇಸು"ಗೆ ಅವರ "ಇಂಚು" ಎಲ್ಲ ಕಡೆ ಜೋಡಿ: ಪ್ರೀತಿಸು, ಪ್ರೇಮಿಂಚು. ನಡುವಿನ "ರ" ಕೂಡ ಎರಡರಲ್ಲೂ ಇದೆ. ಇಷ್ಟು ಹೊಂದಿಕೆ ಅಕಸ್ಮಾತ್ ಆಗುವುದಿಲ್ಲ. ತಮಿಳಿನಲ್ಲಿ "ಸಪ್ಪು", ಮಲಯಾಳದಲ್ಲಿ "ಚಪ್ಪು" ಎಂದರೆ ಚೀಪು. ಬರೋ ಮತ್ತು ಎಮಿನೋ ಎಂಬ ಇಬ್ಬರು ವಿದ್ವಾಂಸರು ದ್ರಾವಿಡ ನುಡಿಗಳ ಇಂಥ ಜೋಡಿಗಳನ್ನೆಲ್ಲ ಕಲೆಹಾಕಿ 1961ರಲ್ಲಿ ಒಂದು ದೊಡ್ಡ ನಿಘಂಟು ತಂದರು. 1984ರಲ್ಲಿ ಅದನ್ನು ತಿದ್ದಿ ಹಿಗ್ಗಿಸಿದರು. ಎಮಿನೋ ಅವರಿಗೆ ಸದ್ದಿನ ಪದಗಳೆಂದರೆ ವಿಶೇಷ ಪ್ರೀತಿ. ಇಂಥ ಪದಗಳು ದ್ರಾವಿಡ ನುಡಿಗಳಲ್ಲೂ ಉತ್ತರದ ನುಡಿಗಳಲ್ಲೂ ಹಂಚಿ ಹೋಗಿವೆ ಎಂದು ಅವರು 1969ರಲ್ಲೇ ಬರೆದು ತೋರಿಸಿದ್ದರು.

ಇದನ್ನು ನೋಡುವಾಗ ನನಗೆ ಪ್ರತಿ ಸಲ ಖುಷಿಯಾಗುವ ಒಂದು ಸಂಗತಿ ಇದೆ. ಬಾಯಿಯ ಈ ಸದ್ದನ್ನು ನಮ್ಮ ಸುತ್ತಲಿನ ಹಲವರು "ಹೊಡೆಯುತ್ತಾರೆ". ನಾವು ಲೊಟ್ಟೆ ಹೊಡೆದು ತಿನ್ನುತ್ತೇವೆ. ತಮಿಳರು ರುಚಿಯಾದದ್ದನ್ನು "ಸಪ್ಪು ಕೊಟ್ಟಿ" ತಿನ್ನುತ್ತಾರೆ, ಕೊಟ್ಟು ಎಂದರೆ ಬಡಿ. ಮರಾಠಿಯವರು "ಮಿಟಕ್ಯಾ ಮಾರತ" ತಿನ್ನುತ್ತಾರೆ, ಸಾರು ಎಳೆದರೆ "ಭುರಕಾ ಮಾರಣೆ". ಮಾರಣೆ ಎಂದರೂ ಹೊಡೆಯುವುದೇ. ನಮ್ಮ ಲೊಚಗುಟ್ಟು, ಪಿಸುಗುಟ್ಟುಗಳಲ್ಲಿರುವ "ಗುಟ್ಟು" ಕೂಡ ಕುಟ್ಟು ಎಂಬುದೇ. ಡೋಲು ಹೊಡೆದ ಹಾಗೆ ಬಾಯನ್ನೂ ಒಂದು ವಾದ್ಯ ಎಂದು ಕಂಡವರು ನಾವು.

ಈಗ ನಿಮ್ಮ ಯಜಮಾನರ ಮಾತಿಗೆ ಬರೋಣ. ಚಪ್ಪರಿಸೋದು ಒಳ್ಳೆ ಮಾತು ಎಂದರಲ್ಲ, ಅವರು ಹೇಳಿದ್ದು ಸರಿ. "ಹೋಳಿಗೆ ಹೇಗಿತ್ತು?" ಎಂದು ಕೇಳಿದರೆ "ಎಲ್ಲರೂ ಬಾಯಿ ಚಪ್ಪರಿಸಿಕೊಂಡು ತಿಂದರು" ಎನ್ನುತ್ತೇವೆ. ಮಾಡಿದವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಾ? ಆ "ಕೊಂಡು" ಗಮನಿಸಿ. ತನ್ನ ಸಂತೋಷಕ್ಕೆ ತಾನು ಮಾಡಿಕೊಂಡದ್ದು ಎಂಬ ಅರ್ಥ ಅದರಲ್ಲಿ ಸೇರಿದೆ. ಹೀಗೆ ಹೇಳಿದಾಗ ನಿಜವಾಗಿ ಸದ್ದು ಬಂದಿರಲೇಬೇಕು ಎಂದೂ ಇಲ್ಲ. ಪದ ಸದ್ದಿನಿಂದ ಹೊರಟು ರುಚಿಗೆ ಬಂದು ನಿಂತಿದೆ. ಚಟ್ನಿಯೂ ಹಾಗೇ. ಹಿಂದಿಯ ಚಾಟ್‌ನಾ ಎಂದರೆ ನೆಕ್ಕುವುದು. ಅದರಿಂದ ಬಂದ ಚಟ್ನಿಯನ್ನು ನಾವು ದೋಸೆ ಪಕ್ಕ ಇಟ್ಟುಕೊಂಡಾಗ ಯಾರಿಗೂ ನೆಕ್ಕುವುದರ ನೆನಪಾಗುವುದಿಲ್ಲ.

ಬೈಗುಳ ಇರುವುದು ಬೇರೆ ಕಡೆ. "ಚಪಚಪ ಅಂತ ತಿನ್ನಬೇಡ", "ಏನದು ಸೊರಸೊರ?" ಇವು ಬೈಗುಳ. ಅದೇ ಸದ್ದು, ಆದರೆ ಎರಡು ಸಲ ಹೇಳಿದಾಗ ಅದು ಕಿವಿಯಲ್ಲೇ ಉಳಿಯುತ್ತದೆ. ಹೇಳುವವರು ಎದುರಿನವರ ಬಾಯನ್ನು ನಟಿಸಿ ತೋರಿಸಿದ ಹಾಗಾಗುತ್ತದೆ. ಕ್ರಿಯಾಪದ ಆ ಮನುಷ್ಯನ ಸಂತೋಷ ಹೇಳುತ್ತದೆ, ಜೋಡಿಪದ ನಮ್ಮ ಕಿರಿಕಿರಿ ಹೇಳುತ್ತದೆ. ಗಟಗಟ ಕುಡಿದ ಎನ್ನುವುದಕ್ಕೂ ಗುಟುಕರಿಸಿದ ಎನ್ನುವುದಕ್ಕೂ ಇರುವ ಅಂತರ ನೋಡಿ, ಇದೇ. ಇನ್ನೊಂದು ಎಚ್ಚರಿಕೆ, ಮನೆಯಲ್ಲಿ ತೆಲುಗಿನವರಿದ್ದರೆ. ಅವರಲ್ಲಿ "ಪೆದವಿ ಚಪ್ಪರಿಂಚು", ಅಂದರೆ ತುಟಿ ಚಪ್ಪರಿಸುವುದು, ಅಸಮಾಧಾನದ ಗುರುತು. ಏನಪ್ಪಾ ಇದು, ಚೆನ್ನಾಗಿಲ್ಲ ಎಂಬಂತೆ. ನಾವು ಅಲ್ಲಿ ಲೊಚಗುಟ್ಟುತ್ತೇವೆ. ಒಂದೇ ಪದ ಗಡಿ ದಾಟಿದರೆ ಮುಖ ಬದಲಿಸುತ್ತದೆ.

ಹಾಗಾಗಿ ನಿಮ್ಮ ಮಗಳ "ಅಜ್ಜ, ಚಪ್ಪರಿಸಬೇಡಿ" ಎಂಬ ಮಾತು ನಿಮ್ಮ ತಂದೆಯ ಕಿವಿಗೆ ಹೇಗೆ ಬಿದ್ದಿರಬಹುದು ಎಂದು ಸ್ವಲ್ಪ ಯೋಚಿಸಿ. ಅವರ ಕನ್ನಡದಲ್ಲಿ ಅದರ ಅರ್ಥ "ಸದ್ದು ಮಾಡಬೇಡಿ" ಎಂದಲ್ಲ. "ಸಂತೋಷವಾಗಿ ಊಟ ಮಾಡಬೇಡಿ" ಎಂದು. ಮಗುವಿಗೆ ಇದು ಗೊತ್ತಿಲ್ಲ. ಅದಕ್ಕೆ ಕೊಟ್ಟ ಪದವನ್ನು ಅದು ಬಳಸಿತು. ನೀವೂ ಬೇಕೆಂದು ಮಾಡಿದ್ದಲ್ಲ. ಬೇಸರ ಮಾಡಿಕೊಳ್ಳಬೇಡಿ.

ಸದ್ದಿನ ಬಗ್ಗೆಯೂ ನಾಲ್ಕು ಮಾತು, ಏಕೆಂದರೆ ಊರಿನ ಊಟಕ್ಕೆ ತಕ್ಕ ಹಾಗೆ ಸದ್ದೂ ಬದಲಾಗುತ್ತದೆ. ನಿಮ್ಮ ತಂದೆಯ ಕಡೆ ಬಿಸಿ ಅನ್ನದ ಮೇಲೆ ತಿಳಿಸಾರು. ಬಾಳೆಲೆಯಲ್ಲಿ ಅನ್ನದ ಕಟ್ಟೆ ಕಟ್ಟಿ ಸಾರು ಹಾಕಿಸಿಕೊಳ್ಳಬೇಕು. ಕಟ್ಟೆ ಒಡೆದರೆ ಸಾರು ಎಲೆಯ ನರದ ಜಾಡು ಹಿಡಿದು ಹೊರಟೇಬಿಡುತ್ತದೆ. ಐದೂ ಬೆರಳು ಕೂಡಿಸಿ ಎತ್ತಿ, ಸೋರುವ ಮುಂಚೆ ಎಳೆದುಕೊಳ್ಳಬೇಕು. ಕೊನೆಗೆ ಅಂಗೈಗೆ ಮಜ್ಜಿಗೆ ಹಾಕಿಸಿಕೊಂಡು ಮಣಿಕಟ್ಟಿಗೆ ಇಳಿಯುವಷ್ಟರಲ್ಲಿ ಹೀರಬೇಕು. ಇದನ್ನು ಸದ್ದಿಲ್ಲದೆ ಮಾಡುವುದು ಕಷ್ಟ. ಬಿಸಿ ಸಾರನ್ನು ಗಾಳಿ ಸೇರಿಸಿ ಎಳೆದರೆ ಅದು ಬಾಯಿ ಸುಡದಷ್ಟು ಆರುತ್ತದೆ. ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ಕಾಫಿ ರುಚಿ ನೋಡುವ ಕೆಲಸದವರು ಇದನ್ನೇ ಬೇಕೆಂದು ಮಾಡುತ್ತಾರೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದ ನಾಡು ನಮ್ಮದು. ರುಚಿ ನೋಡುವವರು ಚಮಚದಲ್ಲಿ ಕಾಫಿ ತೆಗೆದು, ಪಕ್ಕದ ಕೋಣೆಗೆ ಕೇಳುವ ಹಾಗೆ ಜೋರಾಗಿ ಎಳೆಯುತ್ತಾರೆ. ಹಾಗೆ ಎಳೆದರೇ ಅದು ತುಂತುರಾಗಿ ನಾಲಿಗೆಯ ಎಲ್ಲ ಕಡೆ ಬೀಳುವುದು. ಸುಮ್ನೆ ಕುಡಿದರೆ ತಳಿಯ ಗುಣ ಗೊತ್ತಾಗುವುದಿಲ್ಲ.

ಧಾರವಾಡದ ಖಡಕ್ ರೊಟ್ಟಿ ಮುರಿಯುವ ಸದ್ದು ಬೇರೆ, ಅದು ಕಟುಂ ಕುಟುಂ. ಖಡಕ್ ಎಂಬ ಹೆಸರೇ ಒಂದು ಸದ್ದು. ಇನ್ನು ಮಂಡ್ಯ, ಕೋಲಾರದ ಕಡೆಯ ರಾಗಿಮುದ್ದೆ. ಅದನ್ನು ಅಗಿಯುವ ಹಾಗಿಲ್ಲ, ಸಾರಲ್ಲಿ ಅದ್ದಿ ನುಂಗಬೇಕು. ಅದರಷ್ಟು ಮೌನದ ಊಟ ಇನ್ನೊಂದಿಲ್ಲ. ಯಾರು ಜಾಸ್ತಿ ಸಭ್ಯರು ಎಂಬ ಪ್ರಶ್ನೆ ಇದಲ್ಲ. ಎಲೆಯ ಮೇಲೆ ಏನಿದೆ ಎಂಬುದು ಇಲ್ಲಿನ ಪ್ರಶ್ನೆ.

ಆದರೆ ಒಂದು ಮಾತು ಬಿಡಬಾರದು. ನಿಮ್ಮ ತಂದೆ ಮೊದಲಿನಿಂದಲೂ ಹೀಗೇನಾ, ಇತ್ತೀಚೆಗೆ ಜಾಸ್ತಿ ಆಗಿದೆಯಾ? ಕಟ್ಟಿಸಿಕೊಂಡ ಹಲ್ಲು ಸಡಿಲವಾದರೆ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವಂತಾದರೆ ಸದ್ದು ಹೆಚ್ಚುತ್ತದೆ. ನೀರು ಕುಡಿಯುವಾಗ ಪದೇಪದೇ ನೆತ್ತಿಗೆ ಹತ್ತುತ್ತಿದ್ದರೆ, ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ತೋರಿಸಿ. ಅದು ಪದದವರು ಬಗೆಹರಿಸುವ ವಿಷಯ ಅಲ್ಲ. ಮಗಳ ಕಡೆಯೂ ನೋಡಿ. ತಮಾಷೆಗೆ ಹೇಳುತ್ತಾಳೋ, ಅಥವಾ ನಿಜವಾಗಿ ಕಿವಿ ಮುಚ್ಚಿಕೊಂಡು, ಅಳು ಬಂದು ಎದ್ದು ಹೋಗುತ್ತಾಳೋ? ಕೆಲವರಿಗೆ ಅಗಿಯುವ, ಹೀರುವ ಸದ್ದು ತಡೆಯಲಾರದ ಹಿಂಸೆ ಕೊಡುತ್ತದೆ. 2001ರಿಂದ ಅದಕ್ಕೆ ಮಿಸೊಫೋನಿಯ ಎಂಬ ಹೆಸರಿದೆ. ಹಾಗಿದ್ದರೆ ಅದು ಹಟವಲ್ಲ, ಬೈದರೆ ಹೋಗುವುದಿಲ್ಲ. ಮಕ್ಕಳ ವೈದ್ಯರ ಹತ್ತಿರ ಮಾತಾಡಿ.

ಇವೆರಡೂ ಇಲ್ಲ ಎಂದಾದರೆ ಏನು ಮಾಡಬಹುದು? ಅಪ್ಪನಿಗೆ ನೇರವಾಗಿ "ಸದ್ದು ಮಾಡಬೇಡಿ" ಎನ್ನಬಹುದು. ನಾನಾದರೆ ಹೇಳುವುದಿಲ್ಲ. ಎಪ್ಪತ್ತು ವರ್ಷದ ಅಭ್ಯಾಸ ನಿಲ್ಲುವುದಿಲ್ಲ. ನಿಲ್ಲುವುದು ಊಟ. ಅರ್ಧ ಹೊಟ್ಟೆಗೆ ಕೈ ತೊಳೆದುಕೊಳ್ಳುತ್ತಾರೆ. ಸಾರನ್ನು ಲೋಟಕ್ಕೆ ಹಾಕಿ, ಸ್ವಲ್ಪ ಆರಿಸಿ ಕೊಡಬಹುದು. ಸದ್ದು ಖಂಡಿತ ಕಡಿಮೆಯಾಗುತ್ತದೆ. ಆದರೆ ಬಿಸಿ ಸಾರು ಅವರಿಗೆ ದಿನದ ಒಂದು ಸುಖವಾಗಿದ್ದರೆ, ಅದನ್ನು ಕಿತ್ತುಕೊಂಡ ಹಾಗಾಗುತ್ತದೆ. ಕೇಳದೆ ಮಾಡಬೇಡಿ. ಮಗಳಿಗೆ "ಅದೇ ನಮ್ಮ ಪದ್ಧತಿ, ನೀನೂ ಮಾಡು" ಎಂದರೆ ಅದೂ ಪೂರ್ತಿ ಸರಿಯಾಗುವುದಿಲ್ಲ. ಮಾತಾಡದೆ, ಸದ್ದಿಲ್ಲದೆ ಉಣ್ಣುವುದೂ ನಮ್ಮಲ್ಲಿ ಅನೇಕ ಮನೆಗಳ ಪದ್ಧತಿಯೇ. ನಾಳೆ ಶಾಲೆಯಲ್ಲಿ ಡಬ್ಬಿ ಬಿಚ್ಚಿದಾಗ ಅವಳಿಗೆ ಯಾರಾದರೂ ನಕ್ಕರೆ ಆ ನೋವು ಅವಳದಾಗುತ್ತದೆ.

ನನಗೆ ಸರಿ ಅನಿಸುವುದು ಪದವನ್ನು ತಿದ್ದುವುದು. ಮಗಳನ್ನು ಕೂರಿಸಿಕೊಂಡು, "ನಾನು ಅವತ್ತು ತಪ್ಪು ಪದ ಹೇಳಿದೆ, ಅಜ್ಜ ಮಾಡೋದು ಚಪ್ಪರಿಸೋದಲ್ಲ, ಹೀರೋದು" ಎಂದು ಹೇಳಿ. ಅಪ್ಪನ ಎದುರಿಗೇ ಹೇಳಿ. ದೊಡ್ಡವರು ತಮ್ಮ ತಪ್ಪು ಒಪ್ಪಿಕೊಂಡರೆ ಮಗು ಅದನ್ನು ಮರೆಯುವುದಿಲ್ಲ. ಅಪ್ಪನಿಗೂ ಕ್ಷಮೆ ಕೇಳಿಸಿಕೊಂಡ ಮುಜುಗರ ಆಗುವುದಿಲ್ಲ, ತಿದ್ದಿದ್ದು ಬರೀ ಒಂದು ಪದ ತಾನೇ. "ಸೊರಸೊರ" ಎಂಬ ಜೋಡಿಪದವನ್ನು ಮಾತ್ರ ಅವಳ ಬಾಯಿಗೆ ಕೊಡಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾವು ಚಿಕ್ಕವರಿದ್ದಾಗ ನಮ್ಮ ದೊಡ್ಡಪ್ಪನಿಗೆ ಸೊರಸೊರ ದೊಡ್ಡಪ್ಪ ಎಂದು ಹೆಸರಿಟ್ಟಿದ್ದೆವು. ಒಂದು ಹಬ್ಬದ ದಿನ ಅವರು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರು. ಅವತ್ತು ಪಾಯಸ ಹಾಕಲು ಬಂದಾಗ ಎಲೆಯ ಮೇಲೆ ಅಡ್ಡ ಕೈ ಹಿಡಿದು "ಸಾಕು" ಎಂದರು. ಪಾಯಸ ಎಂದರೆ ಅವರಿಗೆ ಪ್ರಾಣ. ಆ ಅಡ್ಡ ಹಿಡಿದ ಕೈ, ಉಗುರಿನ ಸಂದಿಯ ಅಡಿಕೆ ಚೊಗರಿನ ಕಪ್ಪು, ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಇರುವವರೆಗೆ ನಾನು ಆ ಮಾತು ಎತ್ತಲಿಲ್ಲ. ಎತ್ತಬೇಕಿತ್ತು.

ನಿಮಗೆ ಇನ್ನೂ ಸಮಯ ಇದೆ. ಅಪ್ಪ ಒಬ್ಬರೇ ಕೂರುವ ಹೊತ್ತಿಗೆ ಮಗಳನ್ನು ಪಕ್ಕದಲ್ಲಿ ಕೂರಿಸಿ. ತಿನ್ನಲು ಅಲ್ಲ, ಕೇಳಲು. ಅವಳಿಗೆ ಸದ್ದಿನ ಪದಗಳಲ್ಲಿ ಆಸಕ್ತಿ ಇದೆ, ಇಲ್ಲದಿದ್ದರೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ. ಹಲಸಿನ ಹಪ್ಪಳ ಮುರಿದರೆ ನಿಮ್ಮ ಊರಲ್ಲಿ ಏನಂತಾರೆ, ಕಬ್ಬು ಸಿಗಿದರೆ ಏನಂತಾರೆ, ಎಳನೀರು ಕೆತ್ತಿದರೆ, ಒಗ್ಗರಣೆ ಸಿಡಿದರೆ? ಇದರಲ್ಲಿ ಅರ್ಧ ಪದಗಳು ನಮ್ಮ ಯಾವ ನಿಘಂಟಿಗೂ ಬಂದಿಲ್ಲ, ನಿಮ್ಮ ತಂದೆಯಂಥವರ ಬಾಯಲ್ಲೇ ಇವೆ. ಅವಳು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿ. ಒಂದು ಪುಟ ತುಂಬಿದರೆ ದಯವಿಟ್ಟು ನನಗೂ ಕಳಿಸಿ. ಮಳೆಗಾಲದಲ್ಲಿ ಕಳಲೆ ಪಲ್ಯ ತಿನ್ನುವಾಗ ಹಲ್ಲಿನ ನಡುವೆ ಬರುವ ಆ ಸದ್ದಿಗೆ ತೀರ್ಥಹಳ್ಳಿ ಕಡೆ ಏನೆನ್ನುತ್ತಾರೆ ಎಂದು ಅದರಲ್ಲಿ ಮರೆಯದೆ ಕೇಳಿ ಬರೆಯಲಿ.